ಮಾತು ದಾಟಿಸುವವಳು

ಫ್ರಾಕಿನ ಹಿಂದಿನ ಗುಂಡಿ ಹಾಕುತ್ತಿದ್ದ ದುಭಾಷಿಯ ಬೆರಳಿಗೆ ಮಗುವಿನ ಬೆನ್ನು ಕೆಂಡದ ಹಾಗೆ ತಾಗಿತು.

"ಅಕ್ಕಾ, ಚೋಟಿಗೆ ಜ್ವರ ಇದೆಯಲ್ಲಾ!"

"ಮೂರ್ನಾಲ್ಕು ದಿನದಿಂದ ಬರುತ್ತೆ, ಬಿಡುತ್ತೆ ಮೇಡಂ." ತಾಯಿ ಮಗಳ ಕೂದಲನ್ನು ಒತ್ತಿ ಬಾಚುತ್ತಲೇ ಇದ್ದಳು. "ನಿಮ್ಮ ಕ್ಲಿನಿಕ್ಕಿಗೆ ಹೋದ್ರೆ ಹೊಸ ಆಸ್ಪತ್ರೆ ಉದ್ಘಾಟನೆ ಮುಗಿಯೋ ತನಕ ಬಾಗಿಲು ಹಾಕಿದೆ ಅಂದ್ರು. ಹೃದಯದ ಮಾತ್ರೆನೂ ಖಾಲಿ."

"ಸರ್ಕಾರಿ ಆಸ್ಪತ್ರೆಗಾದ್ರೂ ತೋರಿಸಬಾರದಿತ್ತಾ?"

"ಕೊಯ್ದು ಹೊಲಿದವರಿಗೆ ಗೊತ್ತಿರೋದು ಬೇರೆಯವರಿಗೆ ಏನು ಗೊತ್ತಿರುತ್ತೆ? ಹೇಗೂ ಇವತ್ತು ಅವರ ದೊಡ್ಡವರೇ ಬರ್ತಿದ್ದಾರೆ. ಒಂದು ಮಾತು ಕೇಳಿಬಿಡ್ತೀನಿ. ಆಗಲ್ಲ ಅಂದ್ರೆ ಸಂಜೆಗೆ ಸರ್ಕಾರಿ ಆಸ್ಪತ್ರೆ ಇದ್ದೇ ಇದೆ."

ಚೋಟಿ ಹುಟ್ಟಿದಾಗಲೇ ಅವಳ ಹೃದಯದಲ್ಲಿ ದೋಷವಿತ್ತು. ತಾಯಿ ಹೋಟೆಲೊಂದರ ಹಿಂದಿನ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಮಗಳು ಇಷ್ಟೇ ದಿನ ಎಂದು ಮನಸ್ಸು ಕಲ್ಲು ಮಾಡಿಕೊಂಡಿದ್ದಳು. ಅಷ್ಟರಲ್ಲಿ ಸಮುದ್ರದಾಚೆಯ ದೇಶವೊಂದರಿಂದ ವೈದ್ಯರ ತಂಡ ಬಂದು ಕ್ಲಿನಿಕ್ಕು ತೆರೆಯಿತು. ನಿನ್ನೆ ಮೊನ್ನೆಯವರೆಗೆ ತಾನೇ ಕೈಯೊಡ್ಡುತ್ತಿದ್ದ ದೇಶ ಅದು. ಈಗ ಅದರ ಕಾರುಗಳು, ಧಾರಾವಾಹಿಗಳು, ಹಾಡುಗಳು ಇಲ್ಲಿನ ಬೀದಿಬೀದಿಯಲ್ಲೂ ಇದ್ದವು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯ ತುಂಬ ಮೃದು ಮನುಷ್ಯ. ಅಳುತ್ತಿದ್ದ ಚೋಟಿಗೆ ಕೈಗವಸನ್ನೇ ಊದಿ ಕೋಳಿ ಮಾಡಿ ತೋರಿಸಿದ. ಅವಳು ಹಲ್ಲುಬಿಟ್ಟು ನಕ್ಕ ಆ ಗಳಿಗೆಯನ್ನು ಯಾರೋ ಕ್ಯಾಮೆರಾದಲ್ಲಿ ಹಿಡಿದರು. ಆಮೇಲೆ ಬಸ್ ನಿಲ್ದಾಣ, ಬ್ಯಾಂಕು, ಅಂಚೆ ಕಚೇರಿ ಎಲ್ಲ ಕಡೆಯೂ ಅದೇ ನಗು, ಕೆಳಗೆ 'ಎರಡು ದೇಶ, ಒಂದೇ ಹೃದಯ' ಎಂಬ ಸಾಲು. "ನಿನ್ನ ಮಗಳು ಚುನಾವಣೆಗೆ ನಿಂತ್ರೆ ಗೆದ್ದೇಬಿಡ್ತಾಳೆ ಕಣೇ" ಎಂದು ಲಾಂಡ್ರಿಯ ಹೆಂಗಸರು ತಮಾಷೆ ಮಾಡುತ್ತಿದ್ದರು.

ದುಭಾಷಿ ಆ ದೇಶದ ವಿದ್ಯಾರ್ಥಿವೇತನದಲ್ಲೇ ಅಲ್ಲಿ ಓದಿ ಬಂದವಳು; ಈಗ ಇಲ್ಲಿರುವ ಅದರ ಕಚೇರಿಯಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದಳು. ಮೊದಲ ಚಳಿಗಾಲದಲ್ಲಿ ಅವಳು ನಡುಗುತ್ತಾ ನಿಂತಿದ್ದಾಗ ಮನೆಯೊಡತಿ ತನ್ನ ಕೊರಳಿನ ಉಣ್ಣೆಯ ವಸ್ತ್ರವನ್ನೇ ಬಿಚ್ಚಿ ಸುತ್ತಿದ್ದಳು. ಆ ಭಾಷೆ ಅವಳ ಕನಸಿನೊಳಕ್ಕೂ ಇಳಿದಿತ್ತು. "ಆಸ್ಪತ್ರೆ ಕಟ್ಟಿಸ್ತಾರೆ, ನಾಳೆ ನಮ್ಮ ಬಂದರನ್ನೇ ಕೇಳ್ತಾರೆ ನೋಡು" ಎಂದು ಅಣ್ಣ ಊಟಕ್ಕೆ ಕೂತಾಗೆಲ್ಲ ಕೆಣಕಿದರೆ ಅವಳಿಗೆ ತನ್ನವರನ್ನೇ ಬೈದಷ್ಟು ಸಿಟ್ಟು ಬರುತ್ತಿತ್ತು.

ಹೊಸ ಆಸ್ಪತ್ರೆಯ ಮುಂದೆ ಶಾಮಿಯಾನ ಹಾಕಿದ್ದರು. ದುಭಾಷಿ ಆ ದೇಶದ ಕಚೇರಿಯ ಅಧಿಕಾರಿಯನ್ನು ಹುಡುಕಿ, ಮಗುವಿಗೆ ಜ್ವರವಿದೆ ಎಂದಳು. ಅವನು ಚೋಟಿಯ ಕಡೆ ನೋಡಿದ. ಜ್ವರಕ್ಕೆ ಅವಳ ಕೆನ್ನೆ ಕೆಂಪೇರಿ, ಕಣ್ಣು ಹೊಳೆಯುತ್ತಿದ್ದವು.

"ಚೆನ್ನಾಗಿಯೇ ಕಾಣುತ್ತಿದ್ದಾಳಲ್ಲ. ಹೂ ಕೊಟ್ಟು ಬರಲಿ, ಆಮೇಲೆ ನೋಡೋಣ," ಎಂದ. ಕೆಟ್ಟವನೇನಲ್ಲ; ನಿದ್ದೆಗೆಟ್ಟು ಅವನ ಕಣ್ಣೂ ಊದಿದ್ದವು. "ತಾಯಿ ಒಂದೇ ಒಂದು ಧನ್ಯವಾದ ಹೇಳಿದರೆ ಸಾಕು. ಇವತ್ತಿನದು ಸಾಂಗವಾಗಿ ಮುಗಿಯಲಿ, ನಿಮ್ಮನ್ನು ಕಾಯಂ ಮಾಡುವ ಮಾತನ್ನು ನಾನೇ ಎತ್ತುತ್ತೇನೆ."

ಅತಿಥಿ ಬಂದರು. ಆ ದೇಶದ ಮಂತ್ರಿ, ಎತ್ತರದ ಮನುಷ್ಯ. ಚೋಟಿ ಹೂಗುಚ್ಛ ಹಿಡಿದು ಹೋದಾಗ ಅವರು ಮಂಡಿಯೂರಿ ಅವಳ ಮಟ್ಟಕ್ಕೆ ಕೂತರು. ಜನ ಚಪ್ಪಾಳೆ ತಟ್ಟಿದರು. ಬ್ಯಾಂಡು ಶುರುವಾಯಿತು. ಆ ಗದ್ದಲದಲ್ಲಿ ತಾಯಿ ಮುಂದೆ ಬಂದು ಕೈಮುಗಿದಳು.

"ಸ್ವಾಮೀ, ನೀವು ಉಳಿಸಿದ ಮಗು ಇದು. ಜ್ವರ ಬಿಡ್ತಿಲ್ಲ. ಉಸಿರು ಮೇಲೆ ಮೇಲೆ ಎಳೀತಾಳೆ. ಮಾತ್ರೆ ಖಾಲಿಯಾಗಿ ಎಷ್ಟೋ ದಿನ ಆಯ್ತು, ಕ್ಲಿನಿಕ್ಕು ಬಾಗಿಲು ಹಾಕಿದೆ. ಇವತ್ತೇ ಒಂದು ಸಲ ನೋಡಿಸಿ."

ಅತಿಥಿ ಮುಗುಳ್ನಗುತ್ತಾ ದುಭಾಷಿಯತ್ತ ತಲೆಯೆತ್ತಿದರು. ಅಧಿಕಾರಿಯೂ ಅವಳನ್ನೇ ನೋಡುತ್ತಿದ್ದ. ಕ್ಯಾಮೆರಾಗಳು ಎದುರಿಗಿದ್ದವು. ಯೋಚಿಸಿ ಹೇಳಿದ್ದಲ್ಲ, ಮಾತು ತಾನಾಗಿ ಹೊರಬಂತು, ಅದೂ ಬಹಳ ಚೆಂದದ ಉಚ್ಚಾರದಲ್ಲಿ:

"ಈ ಮಗು ಬದುಕಿರುವವರೆಗೂ ನಿಮ್ಮ ಉಪಕಾರ ಮರೆಯುವುದಿಲ್ಲ ಎನ್ನುತ್ತಿದ್ದಾಳೆ."

ಅತಿಥಿಯ ಕಣ್ಣು ನಿಜಕ್ಕೂ ತೇವಗೊಂಡವು. ಎದೆಯ ಮೇಲೆ ಕೈಯಿಟ್ಟುಕೊಂಡು, ಈ ನಗುವಿಗಿಂತ ದೊಡ್ಡ ಒಪ್ಪಂದ ಯಾವುದೂ ಇಲ್ಲ ಎಂದು ತಾಯಿಗೆ ಹೇಳಿ ಎಂದರು.

"ಏನಂದ್ರು ಮೇಡಂ?"

"ನೋಡ್ಕೋತೀವಿ ಅಂದ್ರು."

"ಯಾವಾಗ?"

"ಗಾಡಿ ಕಳಿಸ್ತಾರೆ ಅಕ್ಕಾ. ನೀವು ಮನೆಗೆ ಹೋಗಿರಿ."

ಹೇಗಾದರೂ ಮಾಡಿ ಗಾಡಿ ಕಳಿಸಿಯೇ ತೀರುತ್ತೇನೆ ಎಂದುಕೊಂಡೇ ಅವಳು ಹಾಗಂದದ್ದು. ತಾಯಿ ಅತಿಥಿಯ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆ ಚಿತ್ರ ಮರುದಿನದ ಪತ್ರಿಕೆಗಳಲ್ಲೆಲ್ಲ ಬಂತು.

ಸಮಾರಂಭ ಮುಗಿದ ಮೇಲೆ ದುಭಾಷಿ ಅಧಿಕಾರಿಯ ಬೆನ್ನುಬಿದ್ದಳು. ಮಗುವನ್ನು ಒಳಗೆ ಸೇರಿಸಿಕೊಳ್ಳಿ ಎಂದಳು. ಅವನು ಗಾಜಿನ ಬಾಗಿಲಿನತ್ತ ಕೈ ತೋರಿಸಿದ. ಒಳಗೆ ಮರದ ಪೆಟ್ಟಿಗೆಗಳನ್ನು ಸೂರಿನವರೆಗೂ ಪೇರಿಸಿದ್ದರು.

"ಯಂತ್ರಗಳನ್ನು ಇನ್ನೂ ಬಿಚ್ಚಿಲ್ಲ. ವೈದ್ಯರು ಬರುವುದು ಮುಂದಿನ ತಿಂಗಳು. ನಾಳೆ ಬೆಳಿಗ್ಗೆ ಕಾರು ಕೊಡುತ್ತೇನೆ, ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಿ. ಇವತ್ತು ಎಲ್ಲ ಕಾರೂ ಅತಿಥಿಗಳ ಜೊತೆ ಇವೆ."

ಸಂಜೆಯ ಔತಣಕೂಟದಲ್ಲಿ ಅವಳು ಗೆಳೆತನದ ಮೇಲಿನ ಭಾಷಣಗಳನ್ನು ಆ ದಡದಿಂದ ಈ ದಡಕ್ಕೆ, ಈ ದಡದಿಂದ ಆ ದಡಕ್ಕೆ ದಾಟಿಸುತ್ತಲೇ ಇದ್ದಳು. ನಡುವೆ ಹೊರಗೆ ಬಂದು ಫೋನಿನಲ್ಲಿ ತಾಯಿಯ ನಂಬರು ತೆಗೆದಳು. ಕಾಯಬೇಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಎನ್ನಬೇಕು. ಯಾಕೆ ಎಂದು ಕೇಳಿದರೆ? ಅವರು ಅಂದದ್ದೇನು, ನೀವು ಹೇಳಿದ್ದೇನು ಎಂದು ಕೇಳಿದರೆ? ಒಂದು ರಾತ್ರಿ ತಾನೇ, ಬೆಳಗಾದರೆ ಕಾರು ಇದೆಯಲ್ಲ ಎಂದುಕೊಂಡು ಫೋನನ್ನು ಚೀಲಕ್ಕೆ ಹಾಕಿ ಒಳಗೆ ಹೋದಳು.

ಬೆಳಿಗ್ಗೆ ಕಾರು ಅತಿಥಿಗಳ ಸಾಮಾನು ಹೊತ್ತು ವಿಮಾನ ನಿಲ್ದಾಣಕ್ಕೆ ಹೋಗಿತ್ತು. ದುಭಾಷಿ ಟ್ಯಾಕ್ಸಿ ಹಿಡಿದು ಲಾಂಡ್ರಿಯ ಹಿಂದಿನ ಓಣಿಗೆ ಬಂದಾಗ ತಾಯಿ ಹೊಸ್ತಿಲ ಮೇಲೆಯೇ ಕೂತಿದ್ದಳು. ಮಡಿಲಲ್ಲಿ ಚೋಟಿ, ಅದೇ ಬಿಳಿ ಫ್ರಾಕಿನಲ್ಲಿ.

"ಯಾವ ಗಾಡಿ ಸದ್ದಾದ್ರೂ ಎದ್ದೆದ್ದು ನೋಡಿದೆ," ಎಂದಳು ತಾಯಿ. ದನಿಯಲ್ಲಿ ದೂರಿನ ಎಳೆಯೂ ಇರಲಿಲ್ಲ. "ಪಕ್ಕದವರು ಸರ್ಕಾರಿ ಆಸ್ಪತ್ರೆಗೆ ನಡಿ ಅಂತ ಬಡ್ಕೊಂಡ್ರು. ನಾವು ಆ ಕಡೆ ಹೋದಾಗ ಗಾಡಿ ಈ ಕಡೆ ಬಂದ್ರೆ ಅಂತ ಕೂತೇ ಇದ್ದೆ."

ಮಗುವಿನ ತುಟಿ ನೀಲಿಗಟ್ಟಿತ್ತು.

ಸರ್ಕಾರಿ ಆಸ್ಪತ್ರೆಯ ವೈದ್ಯೆ ಎದೆಗೆ ಸ್ಟೆತಾಸ್ಕೋಪ್ ಇಟ್ಟವಳೇ ನರ್ಸನ್ನು ಕೂಗಿದಳು. ಹೊರಗೆ ಬಂದು ಇಬ್ಬರನ್ನೂ ಗದರಿದಳು. "ಸೋಂಕು ಹೃದಯಕ್ಕೇ ಹತ್ತಿದೆ. ನಿನ್ನೆ ಏನ್ ಮಾಡ್ತಿದ್ರಿ? ನಿನ್ನೆಯಾದ್ರೂ ತಂದಿದ್ರೆ ಏನಾದ್ರೂ ಮಾಡಬಹುದಿತ್ತು."

"ಗಾಡಿಗೆ ಕಾಯ್ತಿದ್ವಿ," ಎಂದಳು ತಾಯಿ.

ಮಧ್ಯಾಹ್ನದ ಹೊತ್ತಿಗೆ ಚೋಟಿ ತೀರಿಕೊಂಡಳು.

ತಾಯಿ ಅಳಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತು, ಸೆರಗಿನ ಅಂಚನ್ನು ತೊಡೆಯ ಮೇಲಿಟ್ಟು, ಬಿಸಿ ಇಸ್ತ್ರಿಯಡಿ ಬಟ್ಟೆ ನೀವುವಂತೆ ಅಂಗೈಯಿಂದ ನೀವುತ್ತಲೇ ಇದ್ದಳು. ದುಭಾಷಿಯ ಫೋನು ಬಡಿದುಕೊಂಡಿತು. ಅಧಿಕಾರಿ.

"ಅವರೇನಾ?" ತಾಯಿ ತಲೆಯೆತ್ತಿದಳು. "ಹೇಳಿಬಿಡಿ ಮೇಡಂ. ಅವರದ್ದೇನೂ ತಪ್ಪಿಲ್ಲ ಅಂತ ಹೇಳಿ. ಅಷ್ಟು ದೊಡ್ಡ ಮನುಷ್ಯ ಮಂಡಿಯೂರಿ ಕೂತು ಕೇಳಿಸಿಕೊಂಡ್ರಲ್ಲ, ಅದೇ ಹೆಚ್ಚು. ಗಾಡಿ ತಡ ಆಯ್ತು, ನಮ್ಮ ಹಣೆಬರಹ. ಬೇಜಾರು ಮಾಡ್ಕೋಬೇಡಿ ಅಂತ ಹೇಳಿ."

ದುಭಾಷಿ ಫೋನನ್ನು ಕಿವಿಗಿಟ್ಟುಕೊಂಡು ಆ ಭಾಷೆಯಲ್ಲಿ ಹೇಳತೊಡಗಿದಳು. ಮಗು ಸತ್ತಿತು ಎಂದಳು. ತಾಯಿ ನಿನ್ನೆ ಧನ್ಯವಾದ ಹೇಳಲಿಲ್ಲ, ಜೀವ ಉಳಿಸಿ ಎಂದು ಬೇಡಿದಳು, ನಾನು ದಾಟಿಸಲಿಲ್ಲ ಎಂದಳು. ಗಾಡಿ ಬರುತ್ತದೆಂದು ನಾನೇ ಹುಟ್ಟಿಸಿ ಹೇಳಿದೆ ಎಂದಳು. ಅಷ್ಟು ವರ್ಷ ಕಲಿತ ಭಾಷೆಯ ವ್ಯಾಕರಣವೆಲ್ಲ ಮೊದಲ ಸಲ ಎಡವಿತು. ತಾಯಿ ಪ್ರತಿ ಮಾತಿಗೂ ಮೆಲ್ಲಗೆ ತಲೆಯಾಡಿಸುತ್ತಿದ್ದಳು.

ಅಧಿಕಾರಿ, ನೀವು ದಣಿದಿದ್ದೀರಿ, ಇದನ್ನು ಬೇರೆ ಯಾರ ಹತ್ತಿರವೂ ಆಡಬೇಡಿ, ಮನೆಗೆ ಹೋಗಿ ಮಲಗಿ ಎಂದು ಮೆಲುದನಿಯಲ್ಲಿ ಹೇಳಿ ಫೋನಿಟ್ಟ.

"ಎಲ್ಲಾ ಹೇಳಿದ್ರಾ?"

"ಹೂಂ."

"ಏನಂದ್ರು?"

ಉದ್ದನೆಯ ಕಾರಿಡಾರನ್ನು ಆ ತುದಿಯಿಂದ ಒರೆಸುತ್ತಾ ಹೆಂಗಸೊಬ್ಬಳು ಬರುತ್ತಿದ್ದಳು. ದುಭಾಷಿ ಬೆಂಚಿನ ಮೇಲೆ ಕೂರಹೋದವಳು ಕೂರದೆ, ತಾಯಿಯ ಕಾಲ ಬಳಿ ನೆಲದ ಮೇಲೆ ಕೂತಳು.

"ಅವರದ್ದು ಬಿಡಿ ಅಕ್ಕಾ," ಎಂದಳು. "ನಾನು ಹೇಳೋದು ಕೇಳಿ."

ಒರೆಸುವವಳು ಹತ್ತಿರ ಬಂದು ಬಕೆಟ್ಟು ಕೆಳಗಿಟ್ಟಳು. ಇಬ್ಬರಲ್ಲಿ ಯಾರೂ ಏಳಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತು ನೋಡಿ, ಅವರನ್ನು ಬಿಟ್ಟು ಸುತ್ತಲಿನ ನೆಲವನ್ನು ಒದ್ದೆ ಮಾಡುತ್ತಾ ಮುಂದಕ್ಕೆ ಹೋದಳು.