ಏಳನೇ ಕುಳಿಯ ಕೆರೆ

ಗಾಲ್ಫ್ ಮೈದಾನದಲ್ಲಿ ಇಪ್ಪತ್ತು ವರ್ಷದಿಂದ ಆಟಗಾರರ ಚೀಲ ಹೊರುತ್ತಿರುವ ನಾನು ಅಂದು ಆಡಲು ಬಂದಿದ್ದ ವಕೀಲರಿಗೆ ಹೇಳಿದೆ: "ಏಳನೇ ಕುಳಿಗೆ ಕೆರೆ ಅಡ್ಡ ಇದೆ ಸಾರ್. ಮೊದಲ ಹೊಡೆತ ಈಚೆ ದಡದಲ್ಲೇ ನಿಲ್ಲಿಸಿ, ಎರಡನೇದಕ್ಕೆ ದಾಟಿಸಿ."

"ಚೀಲ ಹೊರೋನು ಚೀಲ ಹೊರು," ಎಂದು ಕೋಲು ಬೀಸಿದರು. ಚೆಂಡು ಕೆರೆಯಲ್ಲಿ ಬುಳಕ್ಕನೆ ಮುಳುಗಿತು. ಎದುರಾಳಿ ಡಾಕ್ಟರು ಅತ್ತ ತಿರುಗಿ ಫೋನಿನಲ್ಲಿ ಮಾತಾಡುತ್ತಿದ್ದರು.

ಆಚೆ ದಡದಲ್ಲಿ ವಕೀಲರು ಜೇಬಿನಿಂದ ಅಂಥದ್ದೇ ಇನ್ನೊಂದು ಚೆಂಡನ್ನು ಹುಲ್ಲಿಗೆ ಜಾರಿಸಿ, "ಸಿಕ್ತು" ಎಂದರು.

"ಕೆರೆ ದಾಟಿತ್ತೇನಪ್ಪ?" ಡಾಕ್ಟರು ನನ್ನನ್ನು ಕೇಳಿದರು.

ವಕೀಲರು ನನ್ನನ್ನೇ ದುರುಗುಟ್ಟಿ ನೋಡಿದರು.

"ದಾಟಿತ್ತು ಸಾರ್," ಎಂದೆ. ನನ್ನ ನಾಲಿಗೆಯ ಬಗ್ಗೆ ನನಗೇ ಹೇಸಿಗೆಯಾಯಿತು.

ಎಂಟನೇ ಕುಳಿಯಲ್ಲಿ ವಕೀಲರು ನನ್ನ ಹೆಗಲ ಮೇಲೆ ಕೈಹಾಕಿ, "ಇಲ್ಲಿ ಹೇಗೆ ಹೊಡೀಲಿ, ನೀನೇ ಹೇಳಪ್ಪ" ಎಂದರು.

ನಿಜ ಹೇಳಿದಾಗ ಬೇಡವಾಗಿದ್ದ ನನ್ನ ಮಾತು, ಸುಳ್ಳು ಹೇಳಿದ ಮೇಲೆ ಅವರಿಗೆ ಬೇಕಾಗಿತ್ತು.