ಬಸ್ಸು ನಿಲ್ಲಿಸಿ ನೋಡಿದ ಮಣ್ಣು

ಹೊಸ ಮನೆಯ ನಕ್ಷೆ ಕೈಗೆ ಬಂದ ದಿನದಿಂದ ಆ ಮನೆಯಲ್ಲಿ ಎಲ್ಲರೂ ಎಂಜಿನಿಯರುಗಳಾಗಿದ್ದರು. ಗಂಡ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ಬಾಡಿಗೆ ಮನೆಯ ಜಗುಲಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆಗಳನ್ನೆಲ್ಲ ಹೊಲಿದವರು. ಇಬ್ಬರ ದುಡಿಮೆಯೂ ಸೇರಿ ಒಂದು ನಿವೇಶನವಾಗಿತ್ತು. ಕಟ್ಟುವುದು ಒಂದೇ ಮನೆ. ಅದು ಕೆಟ್ಟರೆ ಇನ್ನೊಂದನ್ನು ಕಟ್ಟುವ ವಯಸ್ಸು ಇಬ್ಬರಿಗೂ ಉಳಿದಿರಲಿಲ್ಲ.

“ಪಾಯ ತೆಗೆಯೋಕೆ ಮೊದಲು ಮಣ್ಣು ಪರೀಕ್ಷೆ ಮಾಡಿಸೋಣ ರೀ. ನಮ್ಮಣ್ಣನ ಮಗಳ ಕೆಲಸವೇ ಅದು,” ಎಂದರು ಹೆಂಡತಿ.

“ಪರೀಕ್ಷೆ ಆಗಿದೆ.”

“ಯಾವಾಗ?”

“ಮೊನ್ನೆ. ಬಸ್ಸು ನಿಲ್ಲಿಸಿ ನೋಡಿದೆ.”

ನಿಜವೇ. ಡಿಪೋದ ಹಳೆಯ ಗೆಳೆಯನನ್ನು ಪುಸಲಾಯಿಸಿ, ಊಟದ ಬಿಡುವಿನಲ್ಲಿ ಬಸ್ಸನ್ನು ನಿವೇಶನದ ನಡುಮಧ್ಯೆ ನಿಲ್ಲಿಸಿಕೊಂಡಿದ್ದರು. ಮೊಣಕಾಲೂರಿ ಚಕ್ರದ ಪಕ್ಕ ಅಳತೆಪಟ್ಟಿ ಹಿಡಿದಿದ್ದರು. ಇದೇನೋ ಹೊಸ ನಿಲ್ದಾಣವಿರಬೇಕೆಂದು ಐದು ಜನ ಹತ್ತಿ ಕೂತೂ ಬಿಟ್ಟಿದ್ದರು.

“ಜನ ಸಮೇತ ಹತ್ತು ಟನ್ ಕಣೇ! ಕೂದಲೆಳೆಯಷ್ಟೂ ಕುಸಿಯಲಿಲ್ಲ.”

“ಮನೆಗೆ ಚಕ್ರ ಇರುತ್ತೇನ್ರೀ, ಕುಸಿದ್ರೆ ಹಿಂದಕ್ಕೆ ತೆಗೆಯೋಕೆ?” ಎಂದು ಹೆಂಡತಿ ಫೋನು ಕೈಗೆತ್ತಿಕೊಂಡರು.

ಅಣ್ಣನ ಮಗಳು ಇಬ್ಬರು ಕೆಲಸದವರ ಜೊತೆ ಬಂದಳು. ಮೂರು ಕಾಲಿನ ಕಬ್ಬಿಣದ ಕಂಬ, ಕೊಳವೆಗಳು, ಒಂದು ಭಾರದ ಗುಂಡು ನಿವೇಶನದ ಒಂದು ಮೂಲೆಯಲ್ಲಿ ಇಳಿದವು. ಪಕ್ಕದ ಮನೆಯ ಕೂಸು ಮಲಗಿದೆಯೆಂದು ತಿಳಿದು, ಅದು ಏಳುವವರೆಗೂ ಕೆಲಸದವರು ಗುಂಡನ್ನು ಮುಟ್ಟಲಿಲ್ಲ.

“ಮಾವ, ನಿಮ್ಮ ಬಸ್ಸು ನಿಂತಿದ್ದು ಅರ್ಧ ಗಂಟೆ. ಮನೆ ಐವತ್ತು ವರ್ಷ ನಿಲ್ಲಬೇಕು. ಬಸ್ಸಿಗೆ ಗೊತ್ತಾಗೋದು ಮೇಲಿನ ಮಣ್ಣು ಮಾತ್ರ. ಮನೆಯ ಭಾರ ಅದಕ್ಕಿಂತ ಆಳಕ್ಕೆ ಹೋಗುತ್ತೆ.”

“ಆಳಕ್ಕೆ ಹೋದಷ್ಟೂ ಗಟ್ಟಿ ಇರುತ್ತೆ ಕಣಮ್ಮ. ಕಾಲೇಜಲ್ಲಿ ಇದನ್ನೂ ಹೇಳಿಕೊಡಲಿಲ್ವಾ?”

“ನೀವೇ ಎಣಿಸಿ ನೋಡಿ. ಗುಂಡನ್ನ ಒಂದೇ ಎತ್ತರದಿಂದ ಬೀಳಿಸ್ತೀವಿ. ಕೊಳವೆ ಒಂದಡಿ ಇಳಿಯೋಕೆ ಎಷ್ಟು ಪೆಟ್ಟು ಬೇಕು ಅನ್ನೋದೇ ಲೆಕ್ಕ. ಪೆಟ್ಟು ಜಾಸ್ತಿಯಾದ್ರೆ ಮಣ್ಣು ಗಟ್ಟಿ, ಕಡಿಮೆಯಾದ್ರೆ ಮೆತ್ತಗೆ.”

ಮಾವ ಕೊಡೆ ತಂದು ಹುಡುಗಿಯ ತಲೆಯ ಮೇಲೆ ಹಿಡಿದರು. “ನಿನ್ನ ಪರೀಕ್ಷೆ ಒಪ್ಪಿದೆ ಅಂದ್ಕೋಬೇಡ. ಇದು ಬಿಸಿಲಿಗೆ,” ಎಂದರು. ಆಮೇಲೆ ಬೀದಿಗೆಲ್ಲ ಕೇಳುವಂತೆ ಎಣಿಸತೊಡಗಿದರು. ಮೂರನೆಯ ಅಡಿಗೆ ಇಪ್ಪತ್ತೆಂಟು ಪೆಟ್ಟು! ಮಾವನ ಕೈ ಮೀಸೆಗೆ ಹೋಯಿತು.

ಕೊಳವೆ ಬಿಚ್ಚಿದಾಗ ಹೊರಬಂದದ್ದು ಇಟ್ಟಿಗೆ ಚೂರು, ಗಾರೆ ಹೆಂಟೆ, ಹಲ್ಲುಜ್ಜುವ ಬ್ರಷ್ಷಿನ ಅರ್ಧ ತುಂಡು.

“ಮಾವ, ಇದು ನೆಲ ಅಲ್ಲ. ಯಾರೋ ಮನೆ ಒಡೆದು ತಂದು ಹಳ್ಳಕ್ಕೆ ತುಂಬಿದ್ದಾರೆ.”

ಮೀಸೆಯಿಂದ ಕೈ ಇಳಿಯಿತು. ಒಂಬತ್ತನೆಯ ಅಡಿಗೆ ಅವರು “ಒಂದು... ಎರಡು...” ಎನ್ನುವಷ್ಟರಲ್ಲಿ ಕೊಳವೆ ಸರಕ್ಕನೆ ಇಳಿದುಹೋಯಿತು.

“ಮೂರು ಅನ್ನೋಕೂ ಬಿಡಲಿಲ್ಲವಲ್ಲೇ!”

ಮೇಲೆ ಬಂದದ್ದು ಕಪ್ಪನೆಯ ಜಿಗುಟು ಮಣ್ಣು. ಗಟ್ಟಿ ನೆಲ ಸಿಕ್ಕಿದ್ದು ಇಪ್ಪತ್ತೈದು ಅಡಿಗೆ. ಮಾರನೆಯ ದಿನ ಎದುರು ಮೂಲೆಯಲ್ಲಿ ಕೊರೆದರೆ ಐದೇ ಅಡಿಗೆ ಗಟ್ಟಿ.

“ಎರಡು ಮೂಲೇಲಿ ಎರಡು ಥರ. ಮನೆ ಒಂದೇ ಸಮ ಕುಸಿಯಲ್ಲ ಅತ್ತೆ, ಒಂದು ಕಡೆ ಮಾತ್ರ ಇಳಿಯುತ್ತೆ. ಗೋಡೆ ಸೀಳುತ್ತೆ.”

“ಬಟ್ಟೇನ ಒಂದು ಕಡೆ ಮಾತ್ರ ಜಗ್ಗಿದ್ರೆ ಹೊಲಿಗೆ ಬಿಡೋ ಹಾಗೆ,” ಎಂದರು ಅತ್ತೆ.

ಮೊದಲ ದಿನದ ಕುಳಿಯಲ್ಲಿ ಅಷ್ಟರಲ್ಲಿ ನೀರು ಊರಿ ನಿಂತಿತ್ತು. ಹುಡುಗಿ ಅಳತೆಪಟ್ಟಿ ಇಳಿಬಿಟ್ಟಳು. “ಆರು ಅಡಿಗೇ ನೀರು. ಅದೂ ಬೇಸಿಗೇಲಿ. ಮಳೆಗಾಲದಲ್ಲಿ ಇನ್ನೂ ಮೇಲೆ ಬರುತ್ತೆ.”

ಮಾವ ಗಾಬರಿಯಾದರು. ಹೊಲಿಗೆ ಯಂತ್ರದ ಸದ್ದು ತಪ್ಪಿಸಿ ಮಧ್ಯಾಹ್ನ ನಿದ್ದೆ ಮಾಡಲು ನೆಲದಡಿಯಲ್ಲೊಂದು ಕೋಣೆ ಬೇಕೆಂದು ನಕ್ಷೆಯಲ್ಲಿ ಬರೆಸಿದ್ದವರು ಅವರೇ.

“ಹಾಗಾದ್ರೆ ನನ್ನ ಕೋಣೆ?”

“ಮಲಗಬಹುದು ಮಾವ. ಈಜು ಬರಬೇಕು, ಅಷ್ಟೆ.”

ಕೆಲಸದವರೂ ನಕ್ಕರು. ಮಾವ ನಗಲಿಲ್ಲ. ನಕ್ಷೆ ಬಿಡಿಸಿ ಆ ಮೆತ್ತನೆಯ ಮೂಲೆಯ ಮೇಲೆ ಬೆರಳಿಟ್ಟರು. ಅಲ್ಲಿ ‘ಹೊಲಿಗೆ ಕೋಣೆ’ ಎಂದು ಬರೆದಿತ್ತು.

“ಅಂದ್ರೆ ನಾವಿಲ್ಲಿ ಮನೆ ಕಟ್ಟೋ ಹಾಗೇ ಇಲ್ವೇನೇ?” ಅತ್ತೆಯ ದನಿ ಸಣ್ಣದಾಯಿತು.

“ಖಂಡಿತ ಕಟ್ಟಬಹುದು ಅತ್ತೆ. ಪಾಯಾನ ಗಟ್ಟಿ ಪದರದವರೆಗೆ ಮುಟ್ಟಿಸಬೇಕಾಗಬಹುದು. ಮಣ್ಣು, ನೀರು ಎರಡೂ ಪ್ರಯೋಗಾಲಯಕ್ಕೆ ಹೋಗುತ್ತೆ. ವರದಿ ನೋಡಿ ನಿಮ್ಮ ಎಂಜಿನಿಯರ್ ಪಾಯ ತೀರ್ಮಾನಿಸಲಿ. ಈಗಲೇ ಗೊತ್ತಾಯ್ತಲ್ಲ, ಅದೇ ಪುಣ್ಯ.”

ಮಾವ ಮೇಸ್ತ್ರಿಗೆ ಫೋನು ಮಾಡಿ ಸೋಮವಾರ ಶುರುವಾಗಬೇಕಿದ್ದ ಪಾಯದ ಕೆಲಸ ನಿಲ್ಲಿಸಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ನೆಲದಡಿಯ ಕೋಣೆಯ ಮೇಲೆ ತಾವೇ ಗೀಟು ಹಾಕಿದರು.

“ನನ್ನ ನಿದ್ದೆ ಎಲ್ಲಾದ್ರೂ ಆಗುತ್ತೆ ಕಣಮ್ಮ. ಇವಳು ಕೂತು ಹೊಲಿಯೋ ಜಾಗ ಅಲುಗಬಾರದು. ವರದೀಲಿ ಏನು ಬರೀಬೇಕೋ ಬರಿ.”

ಮನೆ ಕಟ್ಟಲು ಹೊರಟಿರುವ ಅಕ್ಕ, ಅಣ್ಣಂದಿರೇ, ನಿಮ್ಮ ನಕ್ಷೆಯಲ್ಲಿಯೂ ಯಾರಿಗಾಗಿಯೋ ಒಂದು ಕೋಣೆ ಇದ್ದೇ ಇರುತ್ತದೆ. ಅದರ ಅಡಿಯಲ್ಲಿ ಏನಿದೆಯೆಂದು ಮೇಲಿನಿಂದ ಕಾಣುವುದಿಲ್ಲ. ಆ ಜಾಗ ಹಿಂದೆ ಏನಾಗಿತ್ತೆಂದು ಅಕ್ಕಪಕ್ಕದ ಹಿರಿಯರನ್ನು ವಿಚಾರಿಸಿ. ಒಂದೇ ಕಡೆ ಕೊರೆದು ಸುಮ್ಮನಾಗಬೇಡಿ. ನೀರಿನ ಮಟ್ಟವನ್ನೂ ಅಳೆಸಿ. ಬಲ್ಲವರ ವರದಿ ಕೈಗೆ ಬಂದ ಮೇಲೆಯೇ ಪಾಯಕ್ಕೆ ಗುದ್ದಲಿ ಹಾಕಿ. ಆ ಕೋಣೆಯಲ್ಲಿ ಇರುವವರು ನೆಲದ ಯೋಚನೆಯನ್ನೇ ಮಾಡದೆ ನೆಮ್ಮದಿಯಾಗಿರಲಿ.