ಡ್ರೈವರ್ ಕಾಲಮ್ಮಿನಲ್ಲಿ ನನ್ನ ಹೆಸರು

ನಮ್ಮ ಮನೆಯಲ್ಲಿ ಯಾವ ಕೆಲಸ ಶುರುವಾಗುವುದಿದ್ದರೂ ಮೊದಲು ಒಂದು ಎಕ್ಸೆಲ್ ಶೀಟ್ ಹುಟ್ಟಬೇಕು. ಮಗ ಹರ್ಷಿತನ ಮದುವೆಗೂ ಶೀಟ್ ಇತ್ತು. ದುಬೈಯ ಮಿರ್ದಿಫ್‌ನ ಈ ಫ್ಲ್ಯಾಟಿಗೆ ಬಂದಾಗ ಯಾವ ಡಬ್ಬಿ ಯಾವ ಕಪಾಟಿಗೆ ಎನ್ನುವುದಕ್ಕೂ ಶೀಟ್ ಇತ್ತು. ಹಾಗಾಗಿ ನನ್ನ ಗಂಡ ಧರ್ಮಪಾಲರು ಜೆಬೆಲ್ ಅಲಿ ಬಂದರಿನ ಶಿಪ್ಪಿಂಗ್ ಕಂಪನಿಯಿಂದ ನಿವೃತ್ತರಾದ ಖುಷಿಗೆ ನಾವು ನಾಲ್ವರೂ ಫ್ರಾನ್ಸಿಗೆ ಹೋಗಿ, ಬಾಡಿಗೆ ಕಾರಿನಲ್ಲಿ ಕಡಲ ಬದಿಯ ಹಳೆಯ ಊರುಗಳನ್ನು ಎರಡು ವಾರ ಸುತ್ತುವುದೆಂದು ತೀರ್ಮಾನವಾದ ದಿನವೇ ಸೊಸೆ ಸುಪ್ರೀತಾ ಲ್ಯಾಪ್‌ಟಾಪ್ ತೆರೆದು ಕೂತಳು.

ಶನಿವಾರ ಬೆಳಿಗ್ಗೆ ನೀರುದೋಸೆ ಮುಗಿಸಿ ಮಗ, ಸೊಸೆ ಶೀಟನ್ನು ಟಿವಿಗೆ ಹಾಕಿದರು. ಲಾ ರೋಷೆಲ್‌ನ ಹಳೆಯ ಬಂದರಿನಿಂದ ಹೊರಟು, ಕರಾವಳಿ ಹಿಡಿದು ಉತ್ತರಕ್ಕೆ ಹತ್ತಿ, ಕೋಟೆಯೊಳಗಿನ ಸಾಂ ಮಾಲೋ ನೋಡಿ, ಓಂಫ್ಲೂರ್‌ನಲ್ಲಿ ಮುಗಿಸುವುದು. ದಿನ, ಊರು, ಹೋಟೆಲು, ಡ್ರೈವರ್ ಎಂದು ನಾಲ್ಕು ಕಾಲಮ್ಮು. ಡ್ರೈವರ್ ಕಾಲಮ್ಮಿನಲ್ಲಿ ಹರ್ಷಿತ್, ಸುಪ್ರೀತಾ, ಮತ್ತೆ ಹರ್ಷಿತ್. ಬಲಕ್ಕೆ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗುವ ನಮ್ಮ ಯಜಮಾನರಿಗೂ ಎರಡು ದಿನ ಕೊಟ್ಟಿದ್ದರು.

"ನನ್ನ ಹೆಸರು ಎಲ್ಲಿ ಉಂಟು?" ಎಂದು ಕೇಳಿದೆ.

"ಉಂಟಲ್ಲ ಅಮ್ಮ, ನಾಲ್ಕನೇ ದಿನ" ಎಂದು ಹರ್ಷಿತ್ ತೋರಿಸಿದ. ಅಲ್ಲಿ ಹೀಗಿತ್ತು: 'ಸಮುದ್ರದೊಳಗಿನ ರಸ್ತೆ. ಅಮ್ಮ, ಹೋಟೆಲಿನಲ್ಲಿ ರೆಸ್ಟ್.'

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಹತ್ತಿರ ದುಬೈ ಲೈಸನ್ಸ್ ಇದೆ, ಹದಿನೈದು ವರ್ಷದಿಂದ ಇದೆ. ಆರು ಸಲ ಫೇಲಾಗಿ ಏಳನೇ ಸಲ ಪಾಸಾದದ್ದು ನಿಜ. ಆ ಆರು ಸಲವನ್ನು ನಮ್ಮವರು ಊರಿನವರು ಸೇರಿದ ಎಲ್ಲ ಕಡೆ ಹೇಳಿ ನಗಿಸುತ್ತಾರೆ, ಏಳನೆಯದನ್ನು ಯಾರೂ ಹೇಳುವುದಿಲ್ಲ. ಹರ್ಷಿತನನ್ನು ಶಾಲೆಯಿಂದ ತಂದದ್ದು ನಾನು, ಇವರ ಕಾಲು ಮುರಿದಾಗ ಮೂರು ತಿಂಗಳು ಜೆಬೆಲ್ ಅಲಿಗೆ ಬಿಟ್ಟು ಬಂದದ್ದು ನಾನು. ಆದರೆ ಪ್ರವಾಸ ಎಂದ ಕೂಡಲೇ ನಾನು ಹಿಂದಿನ ಸೀಟಿನಲ್ಲಿ ತಿಂಡಿಯ ಚೀಲ ಹಿಡಿದು ಕೂರುವವಳು. ಈ ಸಲ ಒಂದೇ ಒಂದು ದಿನ ಆ ಕಾಲಮ್ಮಿನಲ್ಲಿ ನನ್ನ ಹೆಸರು ಬರಬೇಕು ಎಂದು ನನಗೆ ಹಠ ಬಂತು.

"ಒಂದು ದಿನ ನಾನು ಬಿಡ್ತೇನೆ. ಆ ಸಮುದ್ರದ ರಸ್ತೆಯ ದಿನ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ಎಂತ ಮಾತಾಡ್ತಿ ಮಾರಾಯ್ತಿ, ಅದು ಮಿರ್ದಿಫ್ ಅಲ್ಲ" ಎಂದರು ಇವರು.

"ಅಲ್ಲಿಯೂ ಗಾಡಿ ಬಿಡುದು ಬಲಗಡೆ, ಇಲ್ಲಿಯೂ ಬಲಗಡೆ. ಅಲ್ಲಿಯ ಕಾರಿಗೇನು ಐದು ಚಕ್ರ ಉಂಟಾ?"

"ಮಾಮಿ, ಆ ರಸ್ತೆ ಸ್ವಲ್ಪ ಡೇಂಜರ್" ಎಂದು ಸುಪ್ರೀತಾ ಮೆಲ್ಲಗೆ ವಿವರಿಸಿದಳು. ನ್ವಾರ್‌ಮೂತಿಯೆ ಎಂಬ ದ್ವೀಪಕ್ಕೆ ಹೋಗುವ ನಾಲ್ಕು ಕಿಲೋಮೀಟರ್ ಕಲ್ಲು ಹಾಸಿದ ದಾರಿಯದು. ದಿನಕ್ಕೆ ಎರಡು ಸಲ ಕಡಲು ಅದನ್ನು ಮುಚ್ಚುತ್ತದೆ, ಎರಡು ಸಲ ಬಿಡುತ್ತದೆ. ನೀರು ಪೂರ್ತಿ ಇಳಿಯುವ ಹೊತ್ತಿಗೆ ಒಂದೂವರೆ ಗಂಟೆ ಮೊದಲು, ಒಂದೂವರೆ ಗಂಟೆ ನಂತರ, ಅಷ್ಟರಲ್ಲಿ ದಾಟಬೇಕು. ತಡವಾದವರು ಹತ್ತಿ ಕೂರಲಿಕ್ಕೆಂದು ಅಲ್ಲಲ್ಲಿ ಎತ್ತರದ ಕಂಬಗಳನ್ನೂ ನೆಟ್ಟಿದ್ದಾರಂತೆ.

"ಅದಕ್ಕೇ ಹೇಳುದು, ಆ ದಿನ ನೀನು ರೆಸ್ಟ್ ಮಾಡು" ಎಂದ ಹರ್ಷಿತ್. "ಖಲಾಸ್ ಅಮ್ಮ, ಅದು ಫೈನಲ್."

ನಾನು ತಟ್ಟೆಗಳನ್ನು ಸ್ವಲ್ಪ ಜೋರಾಗಿಯೇ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮುಂದಿನ ವಾರ ಸುಪ್ರೀತಾಳ ಆಫೀಸಿನವರು ಕೈಕೊಟ್ಟರು. ಅವಳು ಕೇಳಿದ ದಿನಕ್ಕೆ ರಜೆ ಇಲ್ಲ, ಒಂದು ವಾರ ತಡವಾಗಿ ತಗೊಳ್ಳಿ ಎಂದರು. ಗಲ್ಫಿನಲ್ಲಿ ಇದೇನು ಹೊಸದಲ್ಲ. ಇಲ್ಲಿ ನಾವು ಮದುವೆ, ಮುಂಜಿ, ಗೃಹಪ್ರವೇಶ ಎಲ್ಲವನ್ನೂ ರಜೆ ಸಿಕ್ಕ ಕಡೆಗೆ ತಳ್ಳಿಕೊಂಡೇ ಬದುಕಿದವರು. ಹರ್ಷಿತ್ ಒಂದು ಬಟನ್ ಒತ್ತಿದ, ಶೀಟಿನ ಎಲ್ಲ ತಾರೀಖುಗಳೂ ಏಳು ದಿನ ಮುಂದೆ ಹೋದವು. ಹೋಟೆಲುಗಳನ್ನೂ ಹಾಗೇ ಬದಲಾಯಿಸಿದ. ಹೊಸ ಶೀಟನ್ನು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿ, ಎರಡು ನಿಮಿಷದ ಕೆಲಸ ಎಂದು ಬೀಗಿದ.

ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿ ನನ್ನ ಕ್ಯಾಲೆಂಡರ್ ಇದೆ. ಮಲ್ಪೆಯಿಂದ ತಮ್ಮ ಪ್ರತಿ ವರ್ಷ ಕಳಿಸುವ, ದಿನಕ್ಕೊಂದು ತಿಥಿ ಬರೆದ ಕ್ಯಾಲೆಂಡರ್. ಗೋಡೆ ಚಂದ ಕಾಣುವುದಿಲ್ಲವೆಂದು ಹಾಲಿನಿಂದ ಅದನ್ನು ಅಡುಗೆಮನೆಗೆ ಓಡಿಸಿದ್ದರು. ಚಹಾ ಕುದಿಯುವವರೆಗೆ ನಾನು ಶೀಟನ್ನೂ ಅದನ್ನೂ ಸುಮ್ಮನೆ ನೋಡುತ್ತಿದ್ದೆ. ನಾಲ್ಕನೇ ದಿನ, ಸಮುದ್ರದ ರಸ್ತೆ, ಬೆಳಿಗ್ಗೆ ಹನ್ನೊಂದೂವರೆ. ಕ್ಯಾಲೆಂಡರಿನಲ್ಲಿ ಅಷ್ಟಮಿ. ಹಳೆಯ ತಾರೀಖು ನೋಡಿದೆ. ಅಮಾವಾಸ್ಯೆಯ ಮರುದಿನ, ಪಾಡ್ಯ. ಚಹಾ ಉಕ್ಕಿ ಒಲೆಯ ಮೇಲೆ ಹೋಯಿತು.

ನಾನು ಮಲ್ಪೆಯ ಮೀನುಗಾರ ಮೊಗವೀರರ ಮನೆಯವಳು. ದೋಣಿ ಗಂಡಸರದ್ದು, ಮರುವಾಯಿ ಚಿಪ್ಪು ನಮ್ಮದು. ಹೊಳೆ ಕಡಲಿಗೆ ಸೇರುವಲ್ಲಿ ನೀರು ಇಳಿದಾಗ ಮಂಡಿ ಮಟ್ಟದ ಕೆಸರಿನಲ್ಲಿ ಬಗ್ಗಿ ಚಿಪ್ಪು ಹೆಕ್ಕುವುದು. ಯಾವ ದಿನ ಯಾವ ಹೊತ್ತಿಗೆ ಇಳಿತ ಎಂದು ಅಮ್ಮ ಬೆರಳಿನಲ್ಲಿ ತಿಥಿ ಎಣಿಸಿ ಹೇಳುತ್ತಿದ್ದಳು. ಹನ್ನೆರಡು ವರ್ಷದವಳಿದ್ದಾಗ ಒಮ್ಮೆ, ಹೋದ ವಾರ ಇದೇ ಹೊತ್ತಿಗೆ ಬೇಕಾದಷ್ಟು ಸಿಕ್ಕಿತ್ತೆಂದು ನಾನೊಬ್ಬಳೇ ಹೊರಟಿದ್ದೆ. ಸೊಂಟದವರೆಗೆ ನೀರು ಬಂದಾಗ ಪಕ್ಕದ ಮನೆಯವರು ಎಳೆದು ತಂದರು. ಅಮ್ಮನ ಪೆಟ್ಟು ಇವತ್ತಿಗೂ ನೆನಪಿದೆ. ಒಂದು ವಾರ ದಾಟಿದರೆ ಕಡಲಿನ ಹೊತ್ತು ತಲೆಕೆಳಗಾಗುತ್ತದೆ ಎಂದು ಆ ದಿನ ಕಲಿತೆ.

ಹಾಲಿಗೆ ಹೋಗಿ ಹೇಳಿದೆ, "ನಾಲ್ಕನೇ ದಿನ ಹನ್ನೊಂದೂವರೆಗೆ ಆ ರಸ್ತೆಯಲ್ಲಿ ನೀರು ತುಂಬಿ ಇರ್ತದೆ."

"ಟೈಮ್ ನಾವು ನೋಡಿಯೇ ಹಾಕಿದ್ದು ಅಮ್ಮ" ಎಂದ ಹರ್ಷಿತ್, ಮೊಬೈಲಿನಿಂದ ತಲೆ ಎತ್ತದೆ.

"ಯಾವ ತಾರೀಖಿಗೆ ನೋಡಿದ್ದು?"

"ಮೂವತ್ತು ವರ್ಷ ಪೋರ್ಟಿನಲ್ಲಿ ಕೆಲಸ ಮಾಡಿದವ ನಾನು. ನನಗೆ ಹೇಳ್ತಿಯಾ?" ಎಂದರು ಇವರು. ಇವರು ಕಡಲೇ ಇಲ್ಲದ ಕಾರ್ಕಳದವರು. ಪೋರ್ಟಿನಲ್ಲಿ ಇವರು ನೋಡಿದ್ದು ಫೈಲುಗಳನ್ನು.

"ಅಮಾವಾಸ್ಯೆಗೆ ಯಾವ ಹೊತ್ತಿಗೆ ತಳ ಕಾಣ್ತದೋ, ಅಷ್ಟಮಿಗೆ ಅದೇ ಹೊತ್ತಿಗೆ ತುಂಬಿ ಇರ್ತದೆ. ಮಲ್ಪೆ ಆದ್ರೂ ಅಷ್ಟೇ, ಫ್ರಾನ್ಸ್ ಆದ್ರೂ ಅಷ್ಟೇ. ಚಂದ್ರ ಒಂದೇ ಅಲ್ವಾ ಇರುದು?"

ಸುಪ್ರೀತಾ ಲ್ಯಾಪ್‌ಟಾಪ್ ಎಳೆದುಕೊಂಡು ಆ ದ್ವೀಪದವರೇ ಹಾಕಿದ ವೇಳಾಪಟ್ಟಿ ತೆರೆದಳು, ಬೆರಳಿಟ್ಟು ಹೊಸ ತಾರೀಖಿಗೆ ಇಳಿದಳು. ನನಗೀಗ ಐವತ್ತೆಂಟು, ಏಳನೇ ಡ್ರೈವಿಂಗ್ ಟೆಸ್ಟಿನ ದಿನ ಕೂಡ ನಾನು ಇಷ್ಟು ಹೆದರಿರಲಿಲ್ಲ.

"ಅಯ್ಯೋ ದೇವರೇ" ಎಂದಳು ಸುಪ್ರೀತಾ. "ಹರ್ಷಿತ್, ಇಳಿತ ಸಂಜೆ ಆರಕ್ಕೆ. ಹನ್ನೊಂದೂವರೆಗೆ ರಸ್ತೆ ಪೂರಾ ನೀರಿನಡಿ. ನಾವು ಡೇಟ್ ಮಾತ್ರ ಚೇಂಜ್ ಮಾಡಿದ್ದು, ಟೈಮ್ ಹಾಗೇ ಬಿಟ್ಟಿದ್ದೇವೆ!"

ಹರ್ಷಿತ್ ಎದ್ದು ಬಂದು ನೋಡಿದ, ಮತ್ತೆ ನೋಡಿದ. ಇವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. ನಾನು ಸೋಫಾದ ಮೇಲೆ ಕಾಲು ಮಡಚಿ ಕೂತೆ. ಅಷ್ಟು ಹಾಯಾಗಿ ಆ ಸೋಫಾದ ಮೇಲೆ ನಾನು ಯಾವತ್ತೂ ಕೂತಿರಲಿಲ್ಲ.

"ಸಂಜೆ ಆರಕ್ಕೆ ನಾವು ಮುಂದಿನ ಊರಿನಲ್ಲಿ ಇರಬೇಕು. ಹಾಗಾದ್ರೆ ಆ ರಸ್ತೆ ಬಿಟ್ಟುಬಿಡುವ" ಎಂದ ಹರ್ಷಿತ್, ಸೋತ ದನಿಯಲ್ಲಿ.

"ಯಾಕೆ ಬಿಡುದು? ಶೀಟನ್ನು ಉಲ್ಟಾ ಮಾಡು" ಎಂದೆ. "ಓಂಫ್ಲೂರ್‌ನಿಂದ ಶುರು ಮಾಡಿ ಕೆಳಗೆ ಬರುವ. ಹದಿನಾಲ್ಕು ದಿನದಲ್ಲಿ ನಾಲ್ಕನೆಯದ್ದು ಹನ್ನೊಂದನೆಯದ್ದು ಆಗ್ತದೆ. ಆ ದಿನ ಹುಣ್ಣಿಮೆ. ಹುಣ್ಣಿಮೆಯೂ ಅಮಾವಾಸ್ಯೆಯ ಹಾಗೆಯೇ, ಮಧ್ಯಾಹ್ನದ ಹೊತ್ತಿಗೆ ತಳ ಕಾಣಬೇಕು. ನೋಡಿ."

ಸುಪ್ರೀತಾ ನೋಡಿದಳು. "ಹನ್ನೆರಡು ಗಂಟೆ ಐದು ನಿಮಿಷ, ಮಾಮಿ" ಎಂದು ಕಿರುಚಿ ಎದ್ದುಬಂದು ನನ್ನನ್ನು ಅಪ್ಪಿಕೊಂಡಳು.

ನಾನು ಅವಳ ಬೆನ್ನು ತಟ್ಟಿ, ಅವಳು ಶೀಟನ್ನು ಉಲ್ಟಾ ಮಾಡಿದ ಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಕೊಂಡೆ. ಹನ್ನೊಂದನೇ ದಿನದ 'ರೆಸ್ಟ್' ಅಳಿಸಿದೆ. ಡ್ರೈವರ್ ಕಾಲಮ್ಮಿನಲ್ಲಿ ಒಂದು ಬೆರಳಿನಿಂದ ನಿಧಾನವಾಗಿ ಲೋಲಾಕ್ಷಿ ಎಂದು ಒತ್ತಿದೆ. ಮಗ ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಮರುದಿನ ಸುಪ್ರೀತಾಳೇ ನನ್ನನ್ನು ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಲು ಕರೆದುಕೊಂಡು ಹೋದಳು. ಗಾಡಿ ನಾನೇ ಓಡಿಸಿದೆ.

ಹುಣ್ಣಿಮೆಯ ದಿನ ಹನ್ನೊಂದು ಗಂಟೆಗೆ ನಾವು ಆ ರಸ್ತೆಯ ಬಾಯಿಗೆ ಹೋದಾಗ ಕಲ್ಲುಗಳು ಇನ್ನೂ ಒದ್ದೆಯಾಗಿದ್ದವು, ಪಾಚಿ ಹೊಳೆಯುತ್ತಿತ್ತು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ಇವರು ತಿಂಡಿಯ ಚೀಲ ತೊಡೆಯ ಮೇಲಿಟ್ಟು, ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಿದ್ದರು. ಎರಡೂ ಕಡೆ ಕಡಲು ದೂರ ಸರಿದು ಕೆಸರು ಬಿಟ್ಟುಕೊಟ್ಟಿತ್ತು. ಅರ್ಧ ದಾರಿಯಲ್ಲಿ ನೋಡಿದರೆ ಆ ಕೆಸರಿನಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು, ಬಗ್ಗಿ, ಚಿಪ್ಪು ಹೆಕ್ಕುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. ಗಾಡಿ ಬದಿಗೆ ಹಾಕಿದೆ, ಚಪ್ಪಲಿ ಬಿಚ್ಚಿಟ್ಟು ಕೆಸರಿಗೆ ಇಳಿದೆ.

ಸ್ವಲ್ಪ ಹೊತ್ತಾದ ಮೇಲೆ ಹರ್ಷಿತ್ ಕಿಟಕಿಯಿಂದ ತಲೆ ಹೊರಹಾಕಿದ. ಮೊಬೈಲು ಅವನ ಕೈಯಲ್ಲೇ ಇತ್ತು, ಅವನು ಅದನ್ನು ನೋಡಲಿಲ್ಲ.

"ಅಮ್ಮಾ, ಇನ್ನೆಷ್ಟು ಹೊತ್ತು ಇರಬಹುದು?"

"ಬೇಕಾದಷ್ಟು ಹೊತ್ತು ಉಂಟು" ಎಂದೆ. "ನೀನು ಹಿಂದೆ ಕೂತು ರೆಸ್ಟ್ ಮಾಡು."